ಎರಡು ಮತ, ಒಂದು ನಾಣ್ಯ

ಜರ್ಮನಿಯ ಮತಸುಧಾರಣೆಯ ಚರಿತ್ರೆಯನ್ನು ವಿದ್ವಾಂಸರು ಬಹುಮಟ್ಟಿಗೆ ಅಂದಿನ ಗ್ರಂಥ, ಕರಪತ್ರಗಳಿಂದಲೇ ಕಟ್ಟಿಕೊಂಡು ಬಂದಿದ್ದಾರೆ. ಖಂಡನೆ ಪ್ರತಿಖಂಡನೆಗಳೇ ಆ ಬರಹಗಳ ಜೀವಾಳವಾದುದರಿಂದ, ಮಾರ್ಟಿನ್ ಲೂಥರನ ಪಕ್ಷಕ್ಕೂ ರೋಮಿನ ಪಕ್ಷಕ್ಕೂ ಸಕಲ ವ್ಯವಹಾರವೂ ಕಡಿದುಹೋಗಿತ್ತೆಂಬ ಭಾವನೆ ಓದುಗರಲ್ಲಿ ಮೂಡುತ್ತದೆ. ಸ್ಯಾಕ್ಸನಿಯ ಬೆಳ್ಳಿ ನಾಣ್ಯಗಳು ಈ ಭಾವನೆಯನ್ನು ತಿದ್ದುತ್ತವೆ.

1485ರಲ್ಲಿ ಸ್ಯಾಕ್ಸನಿಯು ವೆಟಿನ್ ರಾಜಮನೆತನದ ಎರಡು ಶಾಖೆಗಳಿಗೆ ಪಾಲಾಯಿತು. ನೆಲ ಹಂಚಿಹೋದರೂ ಬೆಳ್ಳಿಯ ಗಣಿಗಳು ಉಭಯರ ಸೊತ್ತಾಗಿಯೇ ಉಳಿದವು. ನಾಣ್ಯಗಳೂ ಉಭಯರ ಹೆಸರಿನಲ್ಲಿ ಟಂಕಿತವಾದವು. 1500ರಲ್ಲಿ ಅಲ್ಲಿ ಹೊರಟ ದೊಡ್ಡ ಬೆಳ್ಳಿ ನಾಣ್ಯವು ಒಂದು ಚಿನ್ನದ ಗುಲ್ಡನ್‌ಗೆ ಸಮನಾದ ಬೆಲೆಯುಳ್ಳದ್ದಾಗಿತ್ತು. ಮುಂದೆ ಬೊಹೀಮಿಯದ ಯೋಆಖಿಮ್ಸ್‌ಟಾಲ್ ಎಂಬ ಗಣಿಯೂರಿನ ಹೆಸರಿನಿಂದ ಇಂತಹ ನಾಣ್ಯಗಳಿಗೆ ‘ಟಾಲರ್’ ಎಂಬ ಹೆಸರು ನಿಂತಿತು. ಇಂದಿನ ‘ಡಾಲರ್’ ಪದದ ಮೂಲವೂ ಇದೇ.

1517ರ ಬಳಿಕ ಈ ಎರಡು ಶಾಖೆಗಳು ಮತವಿಚಾರದಲ್ಲಿ ಎದುರುಬದುರಾದವು. ಒಂದು ಶಾಖೆಯ ಫ್ರೀಡ್ರಿಖ್ ಲೂಥರನಿಗೆ ಆಶ್ರಯವಿತ್ತನು. ಇನ್ನೊಂದರ ಗೆಯೋರ್ಗ್, ಲೂಥರನು 1522ರಲ್ಲಿ ಪ್ರಕಟಿಸಿದ ಹೊಸ ಒಡಂಬಡಿಕೆಯ ಜರ್ಮನ್ ಅನುವಾದವನ್ನು ತನ್ನ ರಾಜ್ಯದಲ್ಲಿ ನಿಷೇಧಿಸಿದನು. ಆದರೂ ಜಂಟಿ ನಾಣ್ಯ ನಿಲ್ಲಲಿಲ್ಲ. 1530ರಿಂದ ಕೆಲವು ವರ್ಷ ಬೇರ್ಪಟ್ಟ ಟಂಕಸಾಲೆಗಳು 1534ರಲ್ಲಿ ಮತ್ತೆ ಒಂದಾದವು. ಆಗಿನ ಟಾಲರ್‌ನ ಒಂದು ಮುಖದಲ್ಲಿ ಲೂಥರನ ಅನುಯಾಯಿ ಯೋಹಾನ್ ಫ್ರೀಡ್ರಿಖ್, ಮತ್ತೊಂದರಲ್ಲಿ ಲೂಥರನ ಕಡುವಿರೋಧಿ ಗೆಯೋರ್ಗ್!

ಇದನ್ನು ಮತಸಹಿಷ್ಣುತೆಯೆಂದು ಕೊಂಡಾಡುವುದು ಅವಸರದ ತೀರ್ಮಾನವಾದೀತು. ಗೆಯೋರ್ಗನ ಉತ್ತರಾಧಿಕಾರಿಗಳು ಲೂಥರನ ಮತವನ್ನೇ ಹಿಡಿದರು. ಅವರಲ್ಲೊಬ್ಬನಾದ ಮೋರಿಟ್ಸ್ 1541ರಿಂದ ಯೋಹಾನ್ ಫ್ರೀಡ್ರಿಖನೊಡನೆ ನಾಣ್ಯವನ್ನು ಹಂಚಿಕೊಂಡನು. ಮತವೂ ಒಂದೇ, ನಾಣ್ಯವೂ ಒಂದೇ. ಹಾಗಿದ್ದೂ ಅವನು ಚಕ್ರವರ್ತಿ ಐದನೆಯ ಚಾರ್ಲ್ಸನ ಪಕ್ಷ ಸೇರಿದನು. 1547ರ ಮ್ಯುಲ್‌ಬೆರ್ಗ್ ಕದನದಲ್ಲಿ ಯೋಹಾನ್ ಫ್ರೀಡ್ರಿಖ್ ಸೆರೆಸಿಕ್ಕ ಮೇಲೆ ಅವನ ಎಲೆಕ್ಟರ್ ಪದವಿ ಮೋರಿಟ್ಸನ ಪಾಲಾಯಿತು.

ಭಿನ್ನಮತೀಯರನ್ನು ಕೂಡಿಸಿದ್ದ ಬೆಳ್ಳಿ ಏಕಮತೀಯರ ಯುದ್ಧವನ್ನು ತಡೆಯಲಿಲ್ಲ. ಕರಪತ್ರವೊಂದನ್ನೇ ನಂಬಿದವರಿಗೆ ಈ ರಾಜರ ಸಹವಾಸ ಕಾಣದು. ನಾಣ್ಯವೊಂದನ್ನೇ ನಂಬಿದವರಿಗೆ ಅವರ ವೈರ ಕಾಣದು. ಸಾಹಿತ್ಯ ಸಂಶೋಧಕರು ನಾಣ್ಯಶಾಸ್ತ್ರವನ್ನು ಅನುಬಂಧದ ವಿಷಯವೆಂದು ಬದಿಗಿಡುವ ರೂಢಿಯನ್ನು ಇನ್ನಾದರೂ ಕೈಬಿಡಬೇಕು. ಬರೆದವನು ಮರೆಸಿದ್ದನ್ನು, ಅಥವಾ ಹೇಳಬೇಕಾದ್ದೆಂದೇ ಎಣಿಸದಿದ್ದನ್ನು, ಬರೆಹದ ಆಚೆಗಿನ ಸಾಕ್ಷ್ಯದಲ್ಲೇ ಹುಡುಕಬೇಕಾಗುತ್ತದೆ.