ಒಡೆದ ಗಾಜಿನ ಮಾತೃಕೆ

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನು ಕಾರಿನ ಗಾಜಿನ ಮಾತೆತ್ತಿದರೆ ಓದುಗರಿಗೆ ಸೋಜಿಗವಾಗುವುದು ಸಹಜ. ಅದರಲ್ಲಿಯೂ ನಾನು ಹೇಳಹೊರಟಿರುವುದು ನಾಲ್ಕಾರು ಮಂದಿ ಕುಳಿತು ಸಂತೆಗೆ ಹೋಗಿಬರುವ ಕಾರನ್ನು ಕುರಿತಲ್ಲ. ಊರಿಗೊಂದಿರಲಿ, ಜಿಲ್ಲೆಗೊಂದೂ ಇಲ್ಲ ಎನ್ನುವಂಥ ಅಪೂರ್ವ ಸ್ಪೋರ್ಟ್ಸ್ ಕಾರನ್ನು ಕುರಿತು. ಅದರ ಮುಂದಿನ ಗಾಜು ಒಡೆದರೆ ಏನು ಮಾಡಬೇಕು? ಪ್ರಶ್ನೆ ಶ್ರೀಮಂತರದು, ಅದರ ಗೊಡವೆ ನಮಗೇಕೆ ಎನ್ನಬಹುದು. ಆದರೆ ಪ್ರತಿಗಳು ಅಳಿದು ಒಂದೋ ಎರಡೋ ಉಳಿದಿರುವ ವಸ್ತುವಿನಲ್ಲಿ ಒಂದು ಭಾಗ ನಷ್ಟವಾದಾಗ ಆ ತೆರಪನ್ನು ತುಂಬುವುದು ಹೇಗೆ ಎಂಬುದು ತಾಳೆಗರಿಯ ಗ್ರಂಥಗಳೊಡನೆ ಏಗಿದವರಿಗೆಲ್ಲ ಪರಿಚಿತವಾದ ಪ್ರಶ್ನೆಯೇ. ಕಾರಿನ ರಸಿಕರು ಈ ವಿಷಯದಲ್ಲಿ ಇಂದು ಮಾಡುತ್ತಿರುವ ತಪ್ಪುಗಳು ಗ್ರಂಥಸಂಪಾದಕರು ಎಂದೋ ಮಾಡಿ, ನೊಂದು, ಬಿಟ್ಟ ತಪ್ಪುಗಳೆಂದು ನನಗೆ ತೋರುತ್ತದೆ.

ಯಾದಗಿರಿ, ಶಹಾಪುರ, ಸುರಪುರಗಳ ನಡುವಣ ರಸ್ತೆಗಳಲ್ಲಿ ನಾವು ದಿನವೂ ಕಾಣುವುದು ಹತ್ತಿಯ ಲಾರಿ, ಭತ್ತದ ಟ್ರ್ಯಾಕ್ಟರು, ಖಡಿ ತುಂಬಿದ ಟಿಪ್ಪರು. ಆದರೂ ದೂರದೂರಿನ ಕಾರುಗಳು ಈ ದಾರಿಯಲ್ಲಿ ಹಾಯ್ದು ಹೋಗುವುದುಂಟು. ಕೆಲವು ವರ್ಷಗಳ ಹಿಂದೆ ಶಹಾಪುರದ ಹೊರಗೆ ಅಂಥದೊಂದು ಕೆಂಪು ಕಾರು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾದದ್ದು, ರಸ್ತೆಯ ಬದಿಗೆ ನಿಂತಿತ್ತು. ಮುಂದೆ ಹೋಗುತ್ತಿದ್ದ ಟಿಪ್ಪರಿನಿಂದ ಸಿಡಿದ ಹರಳೊಂದು ಬಡಿದು ಮುಂದಿನ ಗಾಜಿನಲ್ಲಿ ಜೇಡನ ಬಲೆಯಂಥ ಬಿರುಕು ಹರಡಿತ್ತು. ಹುಡುಗರು ಸುತ್ತ ನೆರೆದು ಕಾರನ್ನು ನೋಡುತ್ತಿದ್ದರು. ಕಾರಿನ ಒಡೆಯರು ಗಾಜನ್ನು ನೋಡುತ್ತಿದ್ದರು. ಲಾರಿ ಬಸ್ಸುಗಳ ಗಾಜು ಕೂಡಿಸುವ ವೃದ್ಧರೊಬ್ಬರನ್ನು ಯಾರೋ ಕರೆದುತಂದರು. ಅವರು ಅಂಚಿನುದ್ದಕ್ಕೂ ಬೆರಳಾಡಿಸಿ ನೋಡಿ, “ಸಾಹೇಬ್ರ, ಇದು ರಬ್ಬರಿನ ಕಾಚಲ್ರಿ, ಅಂಟಿನ ಕಾಚು. ನಾ ಕೈ ಹಚ್ಚೂದಿಲ್ಲ” ಎಂದರು. ಧೂಳು ನೀರು ಒಳಸೇರದಂತೆ ಬಿರುಕಿನ ಮೇಲೆ ಪಾರದರ್ಶಕ ಪಟ್ಟಿಯನ್ನು ಅಂಟಿಸಿಕೊಟ್ಟು, ದುಡ್ಡು ಬೇಡವೆಂದು, ಹೊರಡುವ ಮುನ್ನ ಒಂದು ಮಾತು ಸೇರಿಸಿದರು: “ಹೊಸಾದು ಕೂಡಿಸಿದ ಮ್ಯಾಲ ಇದನ್ನ ಒಗೀಬ್ಯಾಡ್ರಿ. ಮಾಪಿಗೆ ಬೇಕಾಗ್ತದ.” ಗ್ರಂಥಸಂಪಾದನೆಯ ತರಗತಿಯಲ್ಲಿ ನಾನು ಒಂದು ಇಡೀ ಅವಧಿ ಹೇಳುವ ಪಾಠವನ್ನು ಆ ಹಿರಿಯರು ಎರಡು ಮಾತಿನಲ್ಲಿ ಮುಗಿಸಿದ್ದರು.

ರಬ್ಬರಿನ ಗಾಜಿಗೂ ಅಂಟಿನ ಗಾಜಿಗೂ ಇರುವ ಭೇದವನ್ನು ತಿಳಿಯದೆ ಮುಂದಿನ ಮಾತು ಅರ್ಥವಾಗದು. ಹಳೆಯ ಕಾರುಗಳಲ್ಲಿ, ಅನೇಕ ಲಾರಿ ಬಸ್ಸುಗಳಲ್ಲಿ, ಗಾಜು ಒಂದು ರಬ್ಬರು ಪಟ್ಟಿಯ ಸೀಳಿನಲ್ಲಿ ಕುಳಿತಿರುತ್ತದೆ. ಪಟ್ಟಿಯ ಇನ್ನೊಂದು ಸೀಳಿನಲ್ಲಿ ಸುತ್ತಲೂ ಹುರಿಯನ್ನು ಹುದುಗಿಸಿ, ಗಾಜನ್ನು ಹೊರಗಿನಿಂದ ಚೌಕಟ್ಟಿಗೆ ಒತ್ತಿ ಹಿಡಿದು, ಒಳಗೆ ಕುಳಿತವನು ಹುರಿಯನ್ನು ಮೆಲ್ಲಗೆ ಎಳೆಯುತ್ತ ಬಂದರೆ ರಬ್ಬರಿನ ತುಟಿ ತಗಡಿನ ಅಂಚನ್ನು ತಾನೇ ಕಚ್ಚಿಕೊಳ್ಳುತ್ತದೆ. ಇದನ್ನು ನಮ್ಮ ಊರುಗಳ ಕುಶಲಿಗಳು ಮಾಡುವುದನ್ನು ನೋಡಬೇಕು. ಇಬ್ಬರು ಮಾತಿಲ್ಲದೆ ಒಬ್ಬರ ಕೈಯನ್ನು ಇನ್ನೊಬ್ಬರು ಬಲ್ಲವರಾಗಿ ಮಾಡುವ ಕೆಲಸ ಅದು. ಈಚಿನ ಕಾರುಗಳಲ್ಲಿ ಹಾಗಲ್ಲ. ಗಾಜನ್ನು ಗಟ್ಟಿಯಾದ ಅಂಟಿನಿಂದ ಕಾರಿನ ಮೈಗೇ ಬೆಸೆದಿರುತ್ತಾರೆ. ತೆಗೆಯಬೇಕಾದರೆ ಸಣ್ಣ ತಂತಿಯಿಂದ ಅಂಟನ್ನು ಕೊಯ್ಯಬೇಕು. ಕೂಡಿಸಿದ ಮೇಲೆ ಅಂಟು ಬಲಿಯುವ ತನಕ ಕಾರನ್ನು ಕದಲಿಸಬಾರದು. ಅಪಘಾತವಾದಾಗ ಮಾಡು ಕುಸಿಯದಂತೆ ಆನಿಸುವುದರಲ್ಲಿ ಈ ಗಾಜಿನ ಪಾಲೂ ಉಂಟು. ಎದುರಿನಿಂದ ಉಬ್ಬಿಬರುವ ಗಾಳಿಚೀಲಕ್ಕೆ ಬೆನ್ನು ಕೊಡುವುದೂ ಅನೇಕ ಕಾರುಗಳಲ್ಲಿ ಇದೇ. ಆ ವೃದ್ಧರು ಕೈ ಹಚ್ಚುವುದಿಲ್ಲವೆಂದದ್ದು ತಮ್ಮ ವಿದ್ಯೆಯ ಎಲ್ಲೆಯನ್ನು ಬಲ್ಲವರ ಮಾತು.

ಇನ್ನು ಗಾಜಿನ ಸಂಗತಿ. ಕಾರುಗಳ ಆದಿಕಾಲದಲ್ಲಿ ಮುಂದಿನ ಗಾಜು ಕಿಟಕಿಯ ಗಾಜೇ ಆಗಿತ್ತು. ಒಡೆದರೆ ಕತ್ತಿಯ ಅಲಗುಗಳಾಗಿ ಮುಖಕ್ಕೆ ನುಗ್ಗುತ್ತಿತ್ತು. ೧೯೦೩ರಲ್ಲಿ ಎದುವಾರ್ ಬೆನೆದಿಕ್ತುಸ್ ಎಂಬ ಫ್ರೆಂಚ್ ರಸಾಯನಜ್ಞನ ಕೈಯಿಂದ ಜಾರಿಬಿದ್ದ ಗಾಜಿನ ಬುರುಡೆ ಬಿರಿದರೂ ಚೂರುಚೂರಾಗಲಿಲ್ಲ. ಒಳಗೆ ಆರಿಹೋಗಿದ್ದ ಸೆಲ್ಯುಲೋಸ್ ದ್ರಾವಣದ ತೆಳುಪೊರೆ ಚೂರುಗಳನ್ನೆಲ್ಲ ಹಿಡಿದುಕೊಂಡಿತ್ತು. ೧೯೦೯ರಲ್ಲಿ ಆತ ಎರಡು ಗಾಜುಗಳ ನಡುವೆ ಒಂದು ಪೊರೆಯಿರುವ ಗಾಜಿಗೆ ಹಕ್ಕುಪತ್ರ ಪಡೆದ. ಮೊದಲ ಮಹಾಯುದ್ಧದಲ್ಲಿ ಅದು ವಿಷಾನಿಲದ ಮುಖವಾಡಗಳ ಕಣ್ಣಾಯಿತು. ೧೯೨೦ರ ದಶಕದ ಕೊನೆಗೆ ಫೋರ್ಡ್ ಕಾರುಗಳ ಮುಂದಿನ ಗಾಜಾಯಿತು. ಹಳೆಯ ಪೊರೆ ಬಿಸಿಲಿಗೆ ಹಳದಿಯಾಗುತ್ತಿತ್ತು. ಅದರ ಸ್ಥಾನಕ್ಕೆ ೧೯೩೦ರ ದಶಕದಲ್ಲಿ ಪಾಲಿವಿನೈಲ್ ಬ್ಯೂಟಿರಾಲ್ ಬಂದಿತು; ಇಂದಿಗೂ ಅದೇ ನಡೆದಿದೆ. ಪಕ್ಕದ ಕಿಟಕಿಗಳದು ಬೇರೆ ಜಾತಿ: ಕಾಯಿಸಿ ಥಟ್ಟನೆ ತಣಿಸಿ ಬಲಗೊಳಿಸಿದ್ದು, ಒಡೆದರೆ ಸಕ್ಕರೆಯ ಹರಳಿನಂತೆ ಉದುರುವುದು. ಅಂಥದನ್ನು ಮುಂದಕ್ಕೆ ಹಾಕಿದರೆ, ಒಂದು ಕಲ್ಲು ಬಿದ್ದ ಕ್ಷಣದಲ್ಲಿ ಇಡೀ ಹಲಗೆ ಬೆಳ್ಳಗಾಗಿ, ಓಡಿಸುವವನ ಕಣ್ಣಿಗೆ ರಸ್ತೆಯೇ ಇಲ್ಲದಂತಾಗುತ್ತದೆ.

ನಮ್ಮ ಸೀಮೆ ೧೯೪೮ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಅಪೂರ್ವ ಕಾರು ಎಂದೊಡನೆ ನಮ್ಮ ಹಿರಿಯರಿಗೆ ನೆನಪಾಗುತ್ತಿದ್ದುದು ಹೈದರಾಬಾದು. ಆರನೆಯ ನಿಜಾಮರು ಬಯಸಿದ, ಅವರು ೧೯೧೧ರಲ್ಲಿ ತೀರಿಕೊಂಡ ಮೇಲೆ ಬಂದು ಸೇರಿದ ಹಳದಿಯ ರೋಲ್ಸ್‌ರಾಯ್ಸ್ ಸಿಲ್ವರ್ ಘೋಸ್ಟ್ ಚೌಮಹಲ್ಲಾ ಅರಮನೆಗೆ ಹೋದವರ ಕಣ್ಣಿಗೆ ಬಿದ್ದಿರಬೇಕು. ಆ ಕಾಲದ ಕಾರುಗಳ ಗಾಜು ಚಪ್ಪಟೆ. ಚಪ್ಪಟೆಯ ಪದರಗಾಜನ್ನು ಯಾದಗಿರಿಯಂಥ ಊರಿನಲ್ಲಿಯೂ ಅಳತೆಗೆ ಕೊಯ್ದುಕೊಡಬಲ್ಲರು: ಎರಡು ಬದಿಗೂ ಗೀರೆಳೆದು, ಮುರಿದು, ನಡುವಣ ಪೊರೆಯನ್ನು ಅಲಗಿನಿಂದ ಸೀಳಿದರಾಯಿತು. ರಾಜವೈಭವದ ಕಾರಿಗೆ ಇರುವ ಈ ಸೌಲಭ್ಯ ಈಚಿನ ಸ್ಪೋರ್ಟ್ಸ್ ಕಾರಿಗೆ ಇಲ್ಲದಿರುವುದು ವಿನೋದವೇ ಸರಿ. ಇದರ ಗಾಜು ಉದ್ದಕ್ಕೂ ಬಾಗಿದೆ, ಅಡ್ಡಕ್ಕೂ ಬಾಗಿದೆ. ಎರಡು ಹಲಗೆಗಳನ್ನು ನಡುವೆ ಪುಡಿ ಉದುರಿಸಿ ಜೊತೆಯಾಗಿಯೇ ಕಬ್ಬಿಣದ ಅಚ್ಚಿನ ಮೇಲೆ ಮಲಗಿಸಿ, ಕುಲುಮೆಯಲ್ಲಿ ೬೦೦ ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಕಾಯಿಸಿದಾಗ ಅವು ತಮ್ಮ ಭಾರಕ್ಕೆ ತಾವೇ ಬಾಗುತ್ತವೆ. ಬೇರೆ ಬೇರೆ ಬಾಗಿಸಿದರೆ ಒಂದು ಇನ್ನೊಂದರ ಮೈಗೆ ಕೂಡಿಕೊಳ್ಳುವುದಿಲ್ಲ. ನಿಧಾನವಾಗಿ ಆರಿಸಿ, ನಡುವೆ ಪೊರೆಯಿಟ್ಟು, ಬಿಸಿಯಲ್ಲಿ ಒತ್ತಡಕ್ಕೊಳಪಡಿಸಬೇಕು. ಇಷ್ಟೆಲ್ಲವೂ ನಮ್ಮ ದೇಶದಲ್ಲಿಯೇ ಆಗತಕ್ಕ ಕೆಲಸ. ತೊಡಕಿರುವುದು ಆ ಅಚ್ಚಿನಲ್ಲಿ. ಬಾಗಿನ ಮಾಪು ಎಲ್ಲಿಂದ ತರುವುದು? ಕಾರು ಕಟ್ಟಿದ ಕಾರ್ಖಾನೆ ಮುಚ್ಚಿದ್ದರೆ, ನಕ್ಷೆ ಕಳೆದುಹೋಗಿದ್ದರೆ, ಉಳಿದಿರುವ ಸಾಕ್ಷಿ ಒಂದೇ: ಆ ಒಡೆದ ಗಾಜು.

ನಾವು ಗ್ರಂಥಸಂಪಾದನೆಯಲ್ಲಿ ಮಾತೃಕೆ ಎನ್ನುತ್ತೇವೆ. ಹೊಸ ಪ್ರತಿಗೆ ತಾಯಿಯಾದ ಹಳೆಯ ಪ್ರತಿ. ಪದರಗಾಜು ಒಡೆದರೂ ಆಕಾರವನ್ನು ಬಿಟ್ಟುಕೊಡುವುದಿಲ್ಲ. ಪೊರೆ ಹಿಡಿದಿರುವುದರಿಂದ ಅದರ ಬಾಗು ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಹುಳು ತಿಂದ ತಾಳೆಗರಿಯಂತೆ ಅದು. ಓದಲು ಕಷ್ಟ, ಆದರೆ ಅದಿಲ್ಲದೆ ಓದಲು ಏನೂ ಇಲ್ಲ. ಅದನ್ನು ತೆಗೆಯುವಾಗ ಹಾರೆ ಹಾಕಿ ಮೀಟಿ, ತುಂಡುಮಾಡಿ, ಗುಜರಿಗೆ ಎಸೆದವರು ಕಾರಿನ ಮುಖವನ್ನೇ ಎಸೆದಂತೆ. ಹೊಸ ಹೊತ್ತಗೆ ಅಚ್ಚಾಯಿತೆಂದು ಓಲೆಗರಿಯನ್ನು ಹೊಳೆಗೆ ಬಿಟ್ಟ ಮನೆಗಳನ್ನು ಕಂಡು ಮರುಗಿದವರಿಗೆ ಈ ಸಂಕಟ ಹೊಸದಲ್ಲ.

ನನ್ನ ಮನಸ್ಸಿನಲ್ಲಿರುವುದು ಇಟಲಿಯ ಕಾರುಗಳು ಮಾತ್ರವಲ್ಲ. ೧೯೯೦ರ ದಶಕದ ಕೊನೆಯಲ್ಲಿ, ರೈಲಿನ ಎಂಜಿನ್ನುಗಳನ್ನು ಕಟ್ಟುವ ಬೆಂಗಳೂರಿನ ಸ್ಯಾನ್ ಬಳಗದವರು ‘ಸ್ಟಾರ್ಮ್’ ಎಂಬ ಕಾರನ್ನು ಹೊರತಂದರು. ಎರಡೇ ಆಸನ, ಬಿಚ್ಚುವ ಮಾಡು, ಫೈಬರ್‌ಗ್ಲಾಸಿನ ಮೈ, ರೆನೊ ಸಂಸ್ಥೆಯ ಎಂಜಿನ್ನು, ಫ್ರಾನ್ಸಿನವರ ವಿನ್ಯಾಸ. ಮಾರಾಟವಾದದ್ದು ಅತಿ ಕಡಮೆ. ಈಗ ಅದು ತಯಾರಾಗುವುದಿಲ್ಲ. ಅಪೂರ್ವತೆಯಲ್ಲಿ ಎರಡು ಬಗೆ. ಬೇಕೆಂದೇ ಕೆಲವನ್ನಷ್ಟೇ ಮಾಡಿ, ಸಂಖ್ಯೆ ಕೆತ್ತಿ ಮಾರುವುದು ಒಂದು. ಕೊಳ್ಳುವವರಿಲ್ಲದೆ ಕೆಲವಷ್ಟೇ ಉಳಿಯುವುದು ಇನ್ನೊಂದು. ಮೊದಲನೆಯದರ ಗಾಜು ಒಡೆದರೆ ಹಡಗಿನಲ್ಲಿಯೋ ವಿಮಾನದಲ್ಲಿಯೋ ಹೊಸದು ಬರುತ್ತದೆ, ಸುಂಕ ತೆತ್ತರಾಯಿತು. ಎರಡನೆಯದರ ಗಾಜು ಒಡೆದರೆ ಕೇಳುವವರಿಲ್ಲ. ಮೇಲಾಗಿ ಕೈಯಿಂದ ಮೆತ್ತಿ ಕಟ್ಟಿದ ಫೈಬರ್ ಮೈಗಳು ಲಿಪಿಕಾರರ ಪ್ರತಿಗಳಂತೆ: ಒಂದು ಇನ್ನೊಂದರಂತೆ ತದ್ವತ್ತಾಗಿರುವುದಿಲ್ಲ. ಅದೇ ಹೆಸರಿನ ಮತ್ತೊಂದು ಕಾರಿನಿಂದ ಕಿತ್ತು ತಂದ ಗಾಜು ಇದರ ಚೌಕಟ್ಟಿನಲ್ಲಿ ಕೂರದೆ ಹೋಗಬಹುದು; ಒತ್ತಿ ಕೂರಿಸಿದರೆ ಮೊದಲ ಗುಂಡಿಯಲ್ಲಿಯೇ ಬಿರಿಯಬಹುದು. ತೆರೆದ ಮಾಡಿನ ಕಾರಿನಲ್ಲಿ ಮುಖಕ್ಕೂ ಗಾಳಿಗೂ ನಡುವೆ ಇರುವುದು ಆ ಗಾಜೊಂದೇ. ಗಾಜು ಸಿಗಲಿಲ್ಲವೆಂದು ಕೆಲವರು ಅಕ್ರಿಲಿಕ್ ಹಾಳೆಯನ್ನು ಬಾಗಿಸಿ ಕಟ್ಟುವುದುಂಟು. ವೈಪರಿನ ಕಡ್ಡಿ ನಾಲ್ಕು ಸಲ ಆಡಿದರೆ ಅದರ ಮೇಲೆ ಗೀರು ಬಿದ್ದು, ಎದುರು ಬರುವ ಲಾರಿಯ ದೀಪ ರಾತ್ರಿಯಲ್ಲಿ ನೂರು ಕವಲಾಗಿ ಕಾಣುತ್ತದೆ. ಕನ್ನಡನಾಡಿನವರು ಕಟ್ಟಿದ ಒಂದು ಕಾರು ಇಂಥ ಉಪಾಯಗಳಿಂದ ಅಳಿಯುವುದು ನನಗೆ ಒಪ್ಪಿಗೆಯಿಲ್ಲ.

ಇದಕ್ಕೆ ವಿರುದ್ಧವಾದ ಮತವೂ ಒಂದುಂಟು. ಮೂಲದ ಗಾಜನ್ನು ತೆಗೆದರೆ ಕಾರಿನ ಪ್ರಾಮಾಣ್ಯವೇ ಹೋಯಿತು, ಬಿರುಕಿದ್ದರೂ ಇರಲಿ, ಅಂಚು ಹಾಲಾಗಿದ್ದರೂ ಇರಲಿ ಎನ್ನುವವರು ಇದ್ದಾರೆ. ಕಾರು ವಸ್ತುಸಂಗ್ರಹಾಲಯದಲ್ಲಿ ನಿಂತೇ ಇರುವುದಾದರೆ ಅವರ ವಾದವನ್ನು ಒಪ್ಪೋಣ. ಸಣ್ಣ ಚುಕ್ಕೆಯಷ್ಟು ಏಟು ಬಿದ್ದು, ಅದು ಓಡಿಸುವವನ ದೃಷ್ಟಿಗೆ ಅಡ್ಡವಾಗಿಲ್ಲದಿದ್ದರೆ, ರಾಳ ತುಂಬಿಸಿ ಗಟ್ಟಿಮಾಡಿ ಮೂಲವನ್ನು ಉಳಿಸಿಕೊಳ್ಳುವುದೇ ಲೇಸು; ಅಲ್ಲಿ ಬದಲಿಸಲು ಹೊರಡುವುದು ದುಡುಕು. ಆದರೆ ರಸ್ತೆಗೆ ಇಳಿಯುವ ಕಾರಿನ ಮುಂದಿನ ಗಾಜು ಅಲಂಕಾರವಲ್ಲ. ಬಾಗಿಲ ಹಿಡಿ, ಗಡಿಯಾರದ ಮುಖ, ಆಸನದ ತೊಗಲು ಇವುಗಳಲ್ಲಿ ಹಳತನ್ನು ಎಷ್ಟು ಬೇಕಾದರೂ ಮೆರೆಸಲಿ. ಗಾಜಿನ ಹಿಂದೆ ಒಬ್ಬ ಮನುಷ್ಯ ಕುಳಿತಿರುತ್ತಾನೆ. ಅದರ ಮುಂದೆ, ಸುರಪುರದ ಏರಿನಲ್ಲಿ ಎಮ್ಮೆ ಹೊಡೆದುಕೊಂಡು ಬರುವ ಹುಡುಗನೂ ಇರುತ್ತಾನೆ. ಬಿರುಕಿನ ಗಾಜಿನಿಂದ ಅವನು ಕಾಣದೆ ಹೋದರೆ ಪ್ರಾಮಾಣ್ಯದ ಮಾತು ಯಾರಿಗೆ ಬೇಕು? ಹೊಸ ಗಾಜು ಬರಲಿ, ಪದರಗಾಜೇ ಬರಲಿ, ಐ.ಎಸ್. ೨೫೫೩ ಎಂಬ ಭಾರತೀಯ ಮಾನಕಕ್ಕೆ ಹೊಂದಿದ್ದೇ ಬರಲಿ.

ಹಾಗೆ ಬಂದ ಹೊಸ ಗಾಜು ತಾನು ಹೊಸದೆಂದು ಒಪ್ಪಿಕೊಳ್ಳಬೇಕು. ಇಲ್ಲಿ ನನ್ನ ಮಾತು ಸ್ವಲ್ಪ ಕಟುವಾದರೆ ರಸಿಕರು ಮನ್ನಿಸಲಿ. ಕಾರಿನ ಗಾಜಿನ ಮೂಲೆಯಲ್ಲಿ ತಯಾರಕರ ಮುದ್ರೆಯೊಡನೆ ಕಾಲವನ್ನು ಸೂಚಿಸುವ ಅಂಕಿಯೋ ಚುಕ್ಕಿಗಳೋ ಇರುವುದುಂಟು. ಬಲ್ಲವರು ಅದನ್ನು ನೋಡಿ ಗಾಜು ಕಾರಿನ ಹುಟ್ಟಿನೊಡನೆ ಬಂದದ್ದೇ, ಆಮೇಲೆ ಬಂದದ್ದೇ ಎಂದು ಹೇಳುತ್ತಾರೆ. ಬೆಲೆ ಕಟ್ಟುವಾಗ ಇದು ಗಣನೆಗೆ ಬರುವುದರಿಂದ, ಹೊಸ ಗಾಜಿನ ಮೇಲೆ ಹಳೆಯ ಕಾಲದ ಅಂಕಿಯನ್ನು ಕೆತ್ತಿಕೊಡುವ ಕಸುಬು ಹೊರದೇಶಗಳಲ್ಲಿ ಬೆಳೆದಿದೆ. ಶಾಸನ ಓದಿದ ನಮಗೆ ಇದರ ಹೆಸರು ಗೊತ್ತು: ಕೂಟಶಾಸನ. ಭೂಮಿಯ ಆಸೆಗೆ ಹಿಂದಿನ ಅರಸನ ಹೆಸರಿನಲ್ಲಿ ತಾಮ್ರಪಟ ಬರೆಯಿಸಿದವರೂ, ಕಾಸಿನ ಆಸೆಗೆ ಗಾಜಿಗೆ ಹಳೆಯ ತಿಂಗಳು ಕೆತ್ತಿಸುವವರೂ ಒಂದೇ ಬೀದಿಯವರು. ಕೆತ್ತಿಸಿಕೊಂಡವರು ಮೋಸಕ್ಕಲ್ಲ, ಅಂದಕ್ಕೆ ಎನ್ನುತ್ತಾರೆ. ಇರಬಹುದು. ಆದರೆ ಆ ಕಾರು ನಾಳೆ ಮತ್ತೊಬ್ಬರ ಕೈಗೆ ಹೋದಾಗ ಅಂದದ ಕಥೆ ಜೊತೆಗೆ ಹೋಗುವುದಿಲ್ಲ. ಸುಳ್ಳಿನ ಅಂಕಿ ಮಾತ್ರ ಹೋಗುತ್ತದೆ. ಒಳ್ಳೆಯ ಸಂಪಾದಕ ಗ್ರಂಥಪಾತವಾದಲ್ಲಿ ತಾನು ಊಹಿಸಿ ತುಂಬಿದ ಅಕ್ಷರಗಳನ್ನು ಕಂಸದಲ್ಲಿಡುತ್ತಾನೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ೧೯೬೪ರಲ್ಲಿ ಬಂದಂದಿನಿಂದ ನಮ್ಮ ವಿದ್ಯಾರ್ಥಿಗಳು ಆ ಶಾಸ್ತ್ರವನ್ನು ಅಭ್ಯಾಸಮಾಡುತ್ತಲೇ ಬಂದಿದ್ದಾರೆ. ಗಾಜಿನ ಮೂಲೆಯಲ್ಲಿ ತಯಾರಾದ ನಿಜವಾದ ವರ್ಷವಿದ್ದರೆ ಅದೇ ಆ ಕಂಸ.

ವಿಮೆಯವರ ಒಂದು ನಿಯಮ ಇಲ್ಲಿ ನೆನಪಿಗೆ ಬರುತ್ತದೆ. ಹಾನಿ ಕಟ್ಟಿಕೊಡುವಾಗ ರಬ್ಬರು, ಪ್ಲಾಸ್ಟಿಕ್ಕುಗಳಿಗೆ ಅವರು ನೂರಕ್ಕೆ ೫೦, ಫೈಬರ್‌ಗ್ಲಾಸಿಗೆ ೩೦ ಸವಕಳಿ ಕಳೆಯುತ್ತಾರೆ. ಗಾಜಿಗೆ ಏನನ್ನೂ ಕಳೆಯುವುದಿಲ್ಲ. ಅವರ ಲೆಕ್ಕದಲ್ಲಿ ಗಾಜಿಗೆ ಮುಪ್ಪಿಲ್ಲ! ಆದರೆ ಅಚ್ಚು ಹೊಸದಾಗಿ ಮಾಡಿಸಬೇಕಾದ ಕಾರಿಗೆ ಆಗುವ ಖರ್ಚು ಅವರ ಪಟ್ಟಿಯಲ್ಲಿ ಸಿಗುವಂಥದಲ್ಲವಾದ್ದರಿಂದ, ಅಂಥ ಕಾರಿನ ಒಡೆಯರು ಮೊದಲೇ ಮಾತಾಡಿ ಬರೆಯಿಸಿಕೊಳ್ಳುವುದು ಒಳ್ಳೆಯದು.

ನನಗೆ ಇನ್ನೂ ಒಂದು ಆಕ್ಷೇಪವಿದೆ. ಇಂಥ ಕಾರುಗಳ ಜೊತೆಗಿರುವ ಕಾಗದಪತ್ರಗಳಲ್ಲಿ ಮೊದಲ ಒಡೆಯರ ಹೆಸರು, ಗೆದ್ದ ಪಂದ್ಯ, ಬಣ್ಣದ ಸಂಖ್ಯೆ ಎಲ್ಲವೂ ಇರುತ್ತವೆ. ಅಚ್ಚು ಮಾಡಿದವರ, ಗಾಜು ಕೂಡಿಸಿದವರ ಹೆಸರಿರುವುದಿಲ್ಲ. ಓಲೆಗರಿಯನ್ನು ಪ್ರತಿಮಾಡಿದ ಲಿಪಿಕಾರ ಕೊನೆಯಲ್ಲಿ ತನ್ನ ಹೆಸರನ್ನೂ, ಬರೆದು ಮುಗಿಸಿದ ತಿಥಿಯನ್ನೂ ಬರೆದಿಡುತ್ತಿದ್ದುದುಂಟು. ಆ ಒಂದು ಸಾಲಿನಿಂದ ನಮ್ಮ ಸಾಹಿತ್ಯಚರಿತ್ರೆಯ ಎಷ್ಟೋ ಕಾಲನಿರ್ಣಯ ಸಾಧ್ಯವಾಗಿದೆ. ನೇಯ್ಗೆಯ ಕಾಯಕದ ದೇವರ ದಾಸಿಮಯ್ಯನ ಮುದನೂರು ಇರುವ ಸೀಮೆ ನಮ್ಮದು. ಕೈಕಸುಬಿನವರ ಹೆಸರು ಬರೆದಿಡಲು ಸಂಕೋಚವೇಕೆ? ಯಾವ ವರ್ಷ, ಯಾವ ಊರಿನಲ್ಲಿ, ಯಾರು, ಯಾವ ಅಚ್ಚಿನಿಂದ ಎಂಬ ನಾಲ್ಕು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದು ಕಾರಿನ ಪತ್ರಗಳೊಡನೆ ಸೇರಿಸಬೇಕು. ಅದರ ಪ್ರತಿಯೊಂದನ್ನು ಒಡೆದ ಗಾಜಿಗೂ ಕಟ್ಟಬೇಕು. ಆ ಗಾಜನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಅಡಿಗೆ ಮರದ ಪಟ್ಟಿ ಕೊಟ್ಟು, ಅಂಚಿನ ಮೇಲೆ ನಿಲ್ಲಿಸಿ ಒರಗಿಸಿಡಬೇಕು. ಮಲಗಿಸಿಟ್ಟರೆ ತನ್ನ ಭಾರಕ್ಕೆ ತಾನೇ ಬಾಗು ಕೆಡಿಸಿಕೊಂಡು, ಮುಂದಿನವರಿಗೆ ತಪ್ಪು ಮಾಪು ಕೊಡುತ್ತದೆ.