ಮುಗಿಲ ಚಿತ್ರವೂ ಮಳೆಯ ಅಳತೆಯೂ

ಕಾಳಿದಾಸನ ‘ಮೇಘದೂತ’ದಲ್ಲಿ ಯಕ್ಷನು ತನ್ನ ಸಂದೇಶವನ್ನು ಮೋಡದ ಕೈಯಲ್ಲಿ ಕಳುಹುತ್ತಾನೆ. ಇಂದು ಮೋಡದ ವಾರ್ತೆಯನ್ನೇ ಹೊತ್ತು ತರುವ ದೂತನೊಬ್ಬನುಂಟು. ಅವನೇ ಕೃತಕ ಉಪಗ್ರಹ. 1960ರಲ್ಲಿ ಅಮೆರಿಕದ ಟೈರಾಸ್-1 ತೆರೆದ ಈ ಹಾದಿಯಲ್ಲಿ ಭಾರತವು 1983ರ ಇನ್ಸಾಟ್-1ಬಿಯಿಂದ 2024ರ ಇನ್ಸಾಟ್-3ಡಿಎಸ್‌ವರೆಗೆ ನಡೆದು ಬಂದಿರುವುದು ಅಭಿಮಾನದ ಸಂಗತಿಯೇ ಸರಿ.

ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಇನ್ಸಾಟ್ ಉಪಗ್ರಹಗಳು ಭೂಮಿಯ ಆವರ್ತನೆಗೆ ಸರಿಸಮನಾಗಿ ಸುತ್ತುವುದರಿಂದ ಒಂದೇ ಪ್ರದೇಶವನ್ನು ಎಡೆಬಿಡದೆ ನೋಡಬಲ್ಲವು. ಹಗಲಿನಲ್ಲಿ ಮೋಡವು ಪ್ರತಿಫಲಿಸುವ ಬಿಸಿಲೂ, ಹಗಲಿರುಳೆನ್ನದೆ ಅದು ಹೊಮ್ಮಿಸುವ ಅವಕೆಂಪು ಕಿರಣಗಳೂ ಈ ಚಿತ್ರಗಳಿಗೆ ಆಧಾರ. ಮೋಡದ ನೆತ್ತಿ ತಣ್ಣಗಿದ್ದಷ್ಟೂ ಅದು ಎತ್ತರದಲ್ಲಿದೆಯೆಂದು ತಿಳಿಯುತ್ತಾರೆ. ಚಿತ್ರದ ಒಂದೊಂದು ಬಿಂದುವೂ ಅಂಕಿಯಾಗಿ ಗಣಕಯಂತ್ರವನ್ನು ಸೇರಿ, ನದಿ, ಜಿಲ್ಲೆ, ತಾಲ್ಲೂಕುಗಳ ನಕ್ಷೆಯ ಮೇಲೆ ಹೊಂದಿಕೊಳ್ಳುತ್ತದೆ. ಸಮುದ್ರದ ಮೇಲೆ ಹುಟ್ಟಿದ ಚಂಡಮಾರುತವು ದಡ ಮುಟ್ಟುವ ಮೊದಲೇ ಕರಾವಳಿಯ ಜನಕ್ಕೆ ಎಚ್ಚರಿಕೆ ದೊರೆಯುವುದರಲ್ಲಿ ಈ ವಿದ್ಯೆಯ ಪಾತ್ರ ದೊಡ್ಡದು.

ಆದರೆ ಚಿತ್ರವನ್ನು ಕಂಡ ಮಾತ್ರಕ್ಕೆ ಮಳೆಯನ್ನು ಅರಿತಂತಾಯಿತೆಂದು ಭಾವಿಸುವುದು ಸರಿಯಲ್ಲ. ಈ ಚಿತ್ರಗಳು ಮುಖ್ಯವಾಗಿ ತೋರುವುದು ಮೋಡದ ನೆತ್ತಿಯನ್ನು. ರೈತನಿಗೆ ಬೇಕಾದುದು ಅದರ ಒಡಲಿನಿಂದ ನೆಲಕ್ಕಿಳಿದ ನೀರು. ಸಹ್ಯಾದ್ರಿಯ ಪಡುವಣ ಇಳಿಜಾರಿನಲ್ಲಿ ಅಷ್ಟೇನೂ ಎತ್ತರಕ್ಕೆ ಬೆಳೆಯದ ಮೋಡಗಳೂ ಧಾರಾಕಾರವಾಗಿ ಸುರಿಯುತ್ತವೆ. ನೆತ್ತಿಯ ತಂಪನ್ನೇ ನಂಬಿದ ಲೆಕ್ಕವು ಅಲ್ಲಿ ಮಳೆಯನ್ನು ಕಡಿಮೆಯೆಂದು ಹೇಳುವುದುಂಟು. ಬಹು ಎತ್ತರದ ತೆಳುಮೋಡವಾದರೋ ತಣ್ಣಗಿದ್ದೂ ನೆಲಕ್ಕೆ ಒಂದು ಹನಿಯನ್ನೂ ಕೊಡದೆ ಸಾಗುವುದು. ಬಯಲುಸೀಮೆಯಲ್ಲಿ ಒಂದೂರಿಗೆ ಬಿದ್ದ ಮಳೆ ನೆರೆಯೂರಿಗೆ ಬೀಳದಿರುವುದೂ ಹೊಸತಲ್ಲ. ಒಮ್ಮೆ ಮಣ್ಣಿಗೆ ಬಿದ್ದ ಬೀಜವನ್ನು ಮರಳಿ ಚೀಲಕ್ಕೆ ತುಂಬಲಾಗದು. ಆದುದರಿಂದ ಆಕಾಶದ ಚಿತ್ರವನ್ನು ನೆಲದ ಅಳತೆಯೊಡನೆ ಒರೆಹಚ್ಚಿ ನೋಡುವುದು ಅವಶ್ಯ.

ಈ ಕಾರ್ಯದಲ್ಲಿ ಗ್ರಾಮಾಂತರದ ಶಾಲೆಗಳು ನೆರವಾಗಬಲ್ಲವು. ಅಂಗಳದಲ್ಲೊಂದು ಮಳೆಮಾಪಕವಿರಲಿ; ಹವಾಮಾನ ಇಲಾಖೆಯ ಪದ್ಧತಿಯಂತೆ ದಿನವೂ ಬೆಳಿಗ್ಗೆ 8.30ಕ್ಕೆ ವಿದ್ಯಾರ್ಥಿಯೊಬ್ಬನು ಅಳತೆಯನ್ನು ಬರೆದಿಡಲಿ. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರೆಂಬ ಲೆಕ್ಕ ಆಗ ತಾನಾಗಿಯೇ ಮನದಟ್ಟಾಗುವುದು. ಹಿರಿಯರು ಆರಿದ್ರೆ, ಪುಷ್ಯ, ಮಘೆ ಎಂದು ನಕ್ಷತ್ರಗಳ ಹೆಸರಿನಲ್ಲಿ ಮಳೆಯನ್ನು ನೆನಪಿಟ್ಟರು. ಮಕ್ಕಳು ಆ ಹೆಸರುಗಳ ಮುಂದೆ ಅಳತೆಯನ್ನೂ, ಅಂದಿನ ಉಪಗ್ರಹಚಿತ್ರವನ್ನೂ ಸೇರಿಸಲಿ.

ಶಾಲೆಗೆ ಗಣಕಯಂತ್ರವನ್ನು ಕೊಡುವ ದಾನಿಗಳು ಅದರೊಡನೆ ಒಂದು ಮಳೆಮಾಪಕವನ್ನೂ ಕೊಡುವುದು ಯೋಗ್ಯ. ಶಿಕ್ಷಕರು ರಜೆಯ ದಿನಗಳಲ್ಲಿಯೂ ಅಳತೆ ತಪ್ಪದಂತೆ ನೋಡಿಕೊಂಡರೆ, ಹತ್ತು ವರ್ಷಗಳಲ್ಲಿ ಆ ಊರಿನ ಮಳೆಯ ಚರಿತ್ರೆ ಶಾಲೆಯ ಕಪಾಟಿನಲ್ಲಿಯೇ ಸಿದ್ಧವಾಗುವುದು.