ಅಕ್ಕಿಗಿಲ್ಲದ ಗಡಿ ಕಾರಿಗೇಕೆ?

ಸಿರುಗುಪ್ಪದ ಗಿರಣಿಯಲ್ಲಿ ಅಕ್ಕಿ ತುಂಬಿಕೊಂಡ ಲಾರಿ ರಾಷ್ಟ್ರೀಯ ಪರವಾನಗಿಯ ಬಲದಿಂದ ದೇಶದ ಯಾವ ರಾಜ್ಯಕ್ಕಾದರೂ ಹೋಗಿ ಬರುತ್ತದೆ. ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ಬಟ್ಟೆ ಇ-ವೇ ಬಿಲ್ಲಿನೊಡನೆ ಗಡಿ ದಾಟುತ್ತದೆ. ಆದರೆ ಅದೇ ಗಿರಣಿಯ ಅಥವಾ ಅದೇ ಹೊಲಿಗೆ ಘಟಕದ ಮಾಲೀಕರು ನೆರೆಯ ಆಂಧ್ರಪ್ರದೇಶದಿಂದ ಇಲ್ಲಿಗೆ ವಾಸ್ತವ್ಯ ಬದಲಿಸಿದಾಗ, ಅವರ ಸ್ವಂತ ಕಾರು ಪರದೇಶದಿಂದ ಬಂದ ವಸ್ತುವಿನಂತೆ ಪರಿಗಣಿತವಾಗುತ್ತದೆ. ಒಮ್ಮೆ ಪೂರ್ತಿಯಾಗಿ ಪಾವತಿಸಿದ ಜೀವಾವಧಿ ತೆರಿಗೆಯನ್ನು ಮತ್ತೊಮ್ಮೆ ತೆರಬೇಕಾಗುತ್ತದೆ. ಸರಕಿಗೆ ದೊರೆತ ಸೌಲಭ್ಯ ಸರಕಿನ ಒಡೆಯನಿಗೆ ಏಕೆ ದೊರೆಯಬಾರದು ಎಂಬ ಪ್ರಶ್ನೆಯನ್ನು ಗಡಿನಾಡಿನ ವ್ಯಾಪಾರಿ ಸಮುದಾಯ ಈಗಲಾದರೂ ಗಟ್ಟಿಯಾಗಿ ಕೇಳಬೇಕಾಗಿದೆ.

ಈ ಪ್ರಶ್ನೆ ಬಳ್ಳಾರಿಯವರಿಗೆ ಉಳಿದವರಿಗಿಂತ ಹೆಚ್ಚು ಹತ್ತಿರದ್ದು. 1953ರ ಅಕ್ಟೋಬರ್ 1ರಂದು ಹಳೆಯ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ ಒಡೆದಾಗ ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮೊದಲಾದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಗಡಿಯ ಗೆರೆ ಬದಲಾಯಿತೇ ಹೊರತು ಬಂಧುತ್ವ, ಸಾಲ, ಲೇವಾದೇವಿ, ಮಾರುಕಟ್ಟೆಯ ನಂಟು ಬದಲಾಗಲಿಲ್ಲ. ಇಂದಿಗೂ ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ಅಂಗಡಿ, ಸಿರುಗುಪ್ಪದಲ್ಲಿ ಗದ್ದೆ, ಬಳ್ಳಾರಿಯಲ್ಲಿ ಮಕ್ಕಳ ವಿದ್ಯಾಭ್ಯಾಸ ಎಂಬಂತೆ ಬಾಳುವ ಕುಟುಂಬಗಳು ವಿರಳವಲ್ಲ. ಕುರುಗೋಡಿನ ಸುತ್ತಲಿನ ವರ್ತಕರಿಗೂ ಗುಂತಕಲ್ಲು, ಆಲೂರುಗಳೊಡನೆ ವ್ಯವಹಾರ ನಿತ್ಯದ್ದೇ. ಇಂತಹವರ ಕಾರಿನ ಫಲಕದ ಮೇಲೆ ಕೆಎ-34 ಇರಬೇಕೋ ಎಪಿ-39 ಇರಬೇಕೋ ಎಂಬುದು ಬರಿಯ ಅಕ್ಷರದ ಮಾತಲ್ಲ. ಲಕ್ಷಾಂತರ ರೂಪಾಯಿಗಳ ಮಾತು.

ಕಾನೂನು ಹೇಳುವುದೇನು?

1988ರ ಮೋಟಾರು ವಾಹನ ಕಾಯ್ದೆಯ 47ನೆಯ ಕಲಮಿನ ಪ್ರಕಾರ, ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಮತ್ತೊಂದು ರಾಜ್ಯದಲ್ಲಿ 12 ತಿಂಗಳುಗಳಿಗೂ ಮೀರಿ ಇರಿಸಿಕೊಂಡರೆ ಅಲ್ಲಿನ ಹೊಸ ನೋಂದಣಿ ಸಂಖ್ಯೆಗೆ ಅರ್ಜಿ ಸಲ್ಲಿಸಬೇಕು. ಇದಕ್ಕೆ ಮೊದಲಿನ ನೋಂದಣಿ ಪ್ರಾಧಿಕಾರದಿಂದ ಆಕ್ಷೇಪಣಾ ರಹಿತ ಪ್ರಮಾಣಪತ್ರ ಬೇಕು. ವಾಹನ ಕಳವಿನ ಪ್ರಕರಣದಲ್ಲಿ ಇಲ್ಲವೆಂದು ಪೊಲೀಸ್ ವರದಿ ಬರಬೇಕು, ತೆರಿಗೆ ಬಾಕಿ ಇರಕೂಡದು, ಸಾಲವಿದ್ದರೆ ಸಾಲ ಕೊಟ್ಟ ಬ್ಯಾಂಕು ಒಪ್ಪಬೇಕು. ಅರ್ಜಿ ಸಲ್ಲಿಸಿದ 30 ದಿನಗಳೊಳಗೆ ಪ್ರಾಧಿಕಾರವು ನಿರಾಕರಣೆಯನ್ನು ತಿಳಿಸದೆ ಹೋದರೆ ಪ್ರಮಾಣಪತ್ರ ನೀಡಿದಂತೆಯೇ ಭಾವಿಸತಕ್ಕದ್ದೆಂದು 48ನೆಯ ಕಲಮು ಹೇಳುತ್ತದೆ. ಈ ಹಕ್ಕನ್ನು ಬಲ್ಲ ವ್ಯಾಪಾರಿಗಳು ಬಹಳ ಕಡಿಮೆ.

ಇಷ್ಟರಮಟ್ಟಿಗೆ ಕಾಯ್ದೆ ನ್ಯಾಯವಾಗಿಯೇ ಇದೆ. ತೊಡಕು ಇರುವುದು ತೆರಿಗೆಯಲ್ಲಿ. ಕರ್ನಾಟಕದಲ್ಲಿ ಕಾರುಗಳ ಜೀವಾವಧಿ ತೆರಿಗೆ ಬೆಲೆಯನ್ನು ಅನುಸರಿಸಿ ಶೇ. 13ರಿಂದ 18ರವರೆಗೆ ಇದೆ. ಅದರ ಮೇಲೆ ಉಪಕರವೂ ಉಂಟು. 8 ಲಕ್ಷ ರೂಪಾಯಿ ಬೆಲೆಯ ಹೊಸ ಕಾರಿಗೆ ಶೇ. 14ರಂತೆ ಲೆಕ್ಕ ಹಾಕಿದರೆ ಉಪಕರ ಬಿಟ್ಟು 1,12,000 ರೂಪಾಯಿ ಆಗುತ್ತದೆ. ಹೊರ ರಾಜ್ಯದಿಂದ ಬಂದ ಹಳೆಯ ವಾಹನಕ್ಕೆ ಅದರ ವಯಸ್ಸಿಗೆ ತಕ್ಕಂತೆ ಈ ಮೊತ್ತ ಇಳಿಯುತ್ತದೆ. ಆದರೂ ಎರಡು ಮೂರು ವರ್ಷ ಹಳೆಯದಾದ ವಾಹನಕ್ಕೆ ಅದು ಸಣ್ಣ ಮೊತ್ತವೇನಲ್ಲ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಆದೋನಿಯ ವರ್ತಕರೊಬ್ಬರು ಬಳ್ಳಾರಿಯಲ್ಲಿ ಹತ್ತು ಯಂತ್ರಗಳ ಜೀನ್ಸ್ ಹೊಲಿಗೆ ಘಟಕ ತೆರೆದು ಸಂಸಾರ ಸಮೇತ ಬಂದು ನೆಲೆಸುತ್ತಾರೆ. ಮೂರು ವರ್ಷದ ಹಿಂದೆ ಆಂಧ್ರದಲ್ಲಿ ಅವರು ಕಾರಿನ ಇಡೀ ಆಯುಷ್ಯಕ್ಕೆ ತೆರಿಗೆ ಕಟ್ಟಿದ್ದಾರೆ. ಈಗ ಇಲ್ಲಿ ಮತ್ತೆ ಕಟ್ಟಬೇಕು, ಹೊಸ ಸಂಖ್ಯೆ ಪಡೆಯಬೇಕು, ಆ ದಾಖಲೆಯನ್ನು ಹಿಡಿದು ಹಳೆಯ ಕಚೇರಿಗೆ ಹೋಗಿ ಬಳಕೆಯಾಗದ ಅವಧಿಯ ತೆರಿಗೆ ಮರುಪಾವತಿಗಾಗಿ ಅರ್ಜಿ ಹಾಕಬೇಕು. ಮೊದಲು ಪಾವತಿ, ಅನಂತರ ಮರುಪಾವತಿ. ಈ ನಡುವಿನ ಕಾಲದಲ್ಲಿ ಸಿಕ್ಕಿಬಿದ್ದ ಹಣ ಆ ವರ್ತಕರ ದುಡಿಯುವ ಬಂಡವಾಳ. ಆ ಹಣಕ್ಕೆ ನೂಲು ಬರುತ್ತಿತ್ತು, ಗುಂಡಿ ಬರುತ್ತಿತ್ತು, ವಾರದ ಬಟವಾಡೆ ನಡೆಯುತ್ತಿತ್ತು. ಓಡಾಟಕ್ಕೆ ಬೇಸತ್ತು ಮರುಪಾವತಿಯನ್ನೇ ಕೈಬಿಟ್ಟರೆ, ಒಂದೇ ವಾಹನದ ಒಂದೇ ಅವಧಿಗೆ ಎರಡು ಸರಕಾರಗಳು ತೆರಿಗೆ ಪಡೆದಂತಾಯಿತು.

2014ರಲ್ಲಿ ಕರ್ನಾಟಕವು ತನ್ನ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು, ಹೊರ ರಾಜ್ಯದ ವಾಹನ 30 ದಿನ ಮೀರಿ ಇಲ್ಲಿ ಇದ್ದರೆ ಜೀವಾವಧಿ ತೆರಿಗೆ ಕೊಡಬೇಕೆಂದು ವಿಧಿಸಿತ್ತು. 2016ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯನ್ನು ರದ್ದುಪಡಿಸಿತು. ನ್ಯಾಯಾಲಯದಿಂದ ಅವಧಿಯ ಸಮಸ್ಯೆ ಬಗೆಹರಿಯಿತು. ಇಮ್ಮಡಿ ಪಾವತಿಯ ಸಮಸ್ಯೆ ಮಾತ್ರ ಹಾಗೆಯೇ ಉಳಿಯಿತು.

ಪರಿಹಾರ ಬಂದಿದೆ, ವ್ಯಾಪಾರಿಗೆ ಬಂದಿಲ್ಲ

ಕೇಂದ್ರ ಸರಕಾರಕ್ಕೆ ಈ ತೊಂದರೆ ತಿಳಿಯದಿರುವುದೇನಲ್ಲ. 2021ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದ ಭಾರತ್ ಸರಣಿ, ಅಂದರೆ ಬಿಎಚ್ ಸಂಖ್ಯೆಯ ಉದ್ದೇಶವೇ ಇದು. ಆ ಸಂಖ್ಯೆ ಪಡೆದವರು ಎರಡು ವರ್ಷಕ್ಕೊಮ್ಮೆ ಕಂತಿನಂತೆ ತೆರಿಗೆ ಕಟ್ಟುತ್ತಾರೆ. ರಾಜ್ಯ ಬದಲಾದರೂ ಮರುನೋಂದಣಿಯ ಗೋಜಿಲ್ಲ. 2022ರ ಡಿಸೆಂಬರಿನಲ್ಲಿ, ಅರ್ಹರಾದವರ ಹಳೆಯ ವಾಹನಗಳನ್ನೂ ಈ ಸರಣಿಗೆ ಬದಲಿಸಲು ಅವಕಾಶವಾಯಿತು. ಆದರೆ ಅರ್ಹರು ಯಾರು? ಸೈನಿಕರು, ಕೇಂದ್ರ ಮತ್ತು ರಾಜ್ಯ ಸರಕಾರಿ ನೌಕರರು, ಸಾರ್ವಜನಿಕ ಉದ್ಯಮಗಳ ನೌಕರರು, ಹಾಗೂ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಸಂಸ್ಥೆಗಳ ನೌಕರರು. ದೊಡ್ಡ ಕಂಪನಿಯ ಗುಮಾಸ್ತರಿಗೆ ದೊರೆಯುವ ಅನುಕೂಲ, ಇಪ್ಪತ್ತು ಜನರಿಗೆ ಕೆಲಸ ಕೊಟ್ಟ ಗಿರಣಿ ಮಾಲೀಕರಿಗೆ ದೊರೆಯುವುದಿಲ್ಲ. ಆದೋನಿಯಲ್ಲೊಂದು, ಸಿರುಗುಪ್ಪದಲ್ಲೊಂದು ಅಂಗಡಿ ಇದ್ದರೆ ಅದು ಎರಡೇ ರಾಜ್ಯವಾಯಿತು, ನಾಲ್ಕು ಆಗಲಿಲ್ಲ.

ವಾಹನ ತೆರಿಗೆ ರಾಜ್ಯಗಳ ಹಕ್ಕು, ಕೇಂದ್ರವು ಕೈಹಾಕಲಾಗದು ಎಂಬ ಸಮಾಧಾನ ಸಾಮಾನ್ಯವಾಗಿ ಕೇಳಿಬರುತ್ತದೆ. ಇದು ಅರ್ಧಸತ್ಯ. ಸಂವಿಧಾನದ ರಾಜ್ಯ ಪಟ್ಟಿಯ 57ನೆಯ ನಮೂದು ಈ ತೆರಿಗೆಯನ್ನು ರಾಜ್ಯಗಳಿಗೆ ಕೊಟ್ಟಿದೆ ನಿಜ. ಆದರೆ ಅದು ಸಮವರ್ತಿ ಪಟ್ಟಿಯ 35ನೆಯ ನಮೂದಿಗೆ ಒಳಪಟ್ಟಿದೆ. ತೆರಿಗೆ ವಿಧಿಸುವ ತತ್ತ್ವಗಳನ್ನು ಗೊತ್ತುಪಡಿಸಲು ಅಲ್ಲಿ ಕೇಂದ್ರಕ್ಕೂ ಅಧಿಕಾರವಿದೆ. ಲಾರಿಗಳ ವಿಷಯದಲ್ಲಿ 2010ರಲ್ಲಿ ಏಕೀಕೃತ ಶುಲ್ಕದ ರಾಷ್ಟ್ರೀಯ ಪರವಾನಗಿ ಬಂದಿತು. ಒಂದೇ ಕಡೆ ಕಟ್ಟಿದ ಶುಲ್ಕ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. 2017ರ ಜುಲೈ 1ರಿಂದ ಜಿಎಸ್‌ಟಿಯಲ್ಲಿ ಒಂದು ರಾಜ್ಯದಲ್ಲಿ ಕೊಂಡ ಸರಕಿನ ತೆರಿಗೆಯನ್ನು ಮತ್ತೊಂದು ರಾಜ್ಯದ ವ್ಯಾಪಾರಿ ಜಮೆ ಪಡೆಯುತ್ತಾರೆ. ರಾಜ್ಯಗಳ ನಡುವೆ ಲೆಕ್ಕ ಚುಕ್ತಾ ಮಾಡುವ ಕಲೆ ಸರಕಾರಗಳಿಗೆ ಗೊತ್ತಿದೆ.

ಪರದೇಶಗಳ ಪಾಠ

ದೇಶವನ್ನೇ ಬದಲಿಸುವವರ ವಾಹನಕ್ಕೆ ಬೇರೆ ಬೇರೆ ಸರಕಾರಗಳು ಏನು ಮಾಡುತ್ತವೆ ಎಂಬುದನ್ನೂ ನೋಡತಕ್ಕದ್ದು. ಯುರೋಪಿಯನ್ ಒಕ್ಕೂಟದ 2009ರ ನಿಯಮಾವಳಿಯಂತೆ, ಹೊರಗೆ ಕನಿಷ್ಠ 12 ತಿಂಗಳು ವಾಸಿಸಿದ್ದವರು ಒಕ್ಕೂಟದಲ್ಲಿ ನೆಲೆಸಲು ಬಂದರೆ, ಕನಿಷ್ಠ ಆರು ತಿಂಗಳು ತಾವು ಬಳಸಿದ ಸ್ವಂತ ವಾಹನವನ್ನು ಆಮದು ಸುಂಕವಿಲ್ಲದೆ ತರಬಹುದು. ಬಂದ ಮೇಲೆ ಒಂದು ವರ್ಷ ಅದನ್ನು ಮಾರಬಾರದು, ಬಾಡಿಗೆಗೂ ಕೊಡಬಾರದು. ಮನೆಯ ವಸ್ತುವಿಗೆ ವಿನಾಯಿತಿ, ವ್ಯಾಪಾರದ ವಸ್ತುವಿಗೆ ಇಲ್ಲ ಎಂಬ ಸರಳ ತತ್ತ್ವ ಇದರಲ್ಲಿದೆ.

ಭಾರತಕ್ಕೆ ಹಿಂದಿರುಗುವವರ ಸ್ಥಿತಿ ಬೇರೆ. ಮೋಟಾರು ವಾಹನ ಪ್ರಯಾಣಿಕರ ಸಾಮಾನಿನ ರಿಯಾಯಿತಿಯಲ್ಲಿ ಸೇರುವುದಿಲ್ಲ. ಬಳಸಿದ ಕಾರಾದರೆ ತಯಾರಾಗಿ ಮೂರು ವರ್ಷ ಮೀರಿರಬಾರದು, ಚಕ್ರ ಬಲಗಡೆಗೆ ಇರಬೇಕು, ಮುಂಬಯಿ ಬಂದರಿನಲ್ಲಿಯೇ ಇಳಿಯಬೇಕು; ಸುಂಕಗಳು ಸೇರಿ ಕಾರಿನ ಬೆಲೆಯನ್ನೇ ಮೀರುತ್ತವೆ. ಕೊಲ್ಲಿ ದೇಶಗಳ ಮತ್ತು ಅಮೆರಿಕದ ಕಾರುಗಳಿಗೆ ಚಕ್ರ ಎಡಗಡೆಗೆ ಇರುವುದರಿಂದ ಅಲ್ಲಿಂದ ಮರಳುವ ಬಂಧುಗಳಿಗೆ ಕಾರನ್ನು ಅಲ್ಲಿಯೇ ಮಾರಿ ಬರುವಂತೆ ಹೇಳುವುದೇ ವಿವೇಕ. ದೇಶೀಯ ಕೈಗಾರಿಕೆಯ ರಕ್ಷಣೆ ಎಂಬ ಕಾರಣವಾದರೂ ಅದಕ್ಕೆ ಇದೆ. ಆದರೆ ಭಾರತದಲ್ಲಿಯೇ ಕೊಂಡ, ಭಾರತದಲ್ಲಿಯೇ ತೆರಿಗೆ ತೆತ್ತ ಕಾರು ಆಲೂರಿನಿಂದ ಬಳ್ಳಾರಿಗೆ ಬಂದರೆ ಯಾವ ಕೈಗಾರಿಕೆಯನ್ನು ರಕ್ಷಿಸಬೇಕಾಗಿದೆ?

ವರ್ತಕರ ಹೊಣೆಯೂ ಉಂಟು

ಹೀಗೆಂದ ಮಾತ್ರಕ್ಕೆ ವ್ಯಾಪಾರಿಗಳೆಲ್ಲ ನಿರ್ದೋಷಿಗಳೆಂದು ಹೇಳಲಾಗದು. ಇಲ್ಲಿಯೇ ಹುಟ್ಟಿ ಬೆಳೆದು, ಇಲ್ಲಿಯೇ ವ್ಯವಹರಿಸುತ್ತ, ತೆರಿಗೆ ಉಳಿಸಲೆಂದು ಗಡಿಯಾಚೆಯ ಬಂಧುವಿನ ವಿಳಾಸ ಕೊಟ್ಟು ಕಾರು ನೋಂದಾಯಿಸುವವರೂ ಇದ್ದಾರೆ. ಅದು ನೆಲೆ ಬದಲಿಸಿದವರ ಕಷ್ಟವಲ್ಲ, ತೆರಿಗೆ ತಪ್ಪಿಸುವ ಉಪಾಯ. ಅಂತಹವರಿಂದಾಗಿಯೇ ರಸ್ತೆಯಲ್ಲಿ ತಡೆಯುವ ಅಧಿಕಾರಿ ಪ್ರಾಮಾಣಿಕರನ್ನೂ ಸಂಶಯದಿಂದ ನೋಡುತ್ತಾನೆ. ಇಂತಹ ನಡವಳಿಕೆಯ ಪರವಾಗಿ ಯಾವ ವಾಣಿಜ್ಯ ಸಂಸ್ಥೆಯೂ ದನಿಯೆತ್ತಕೂಡದು.

ಎರಡೂ ಕಡೆ ನಿಜವಾಗಿ ವ್ಯವಹಾರವಿರುವವರು ದಾಖಲೆಗಳನ್ನು ಜೋಪಾನ ಮಾಡುವುದು ಅವಶ್ಯ. ವಾಹನ ಯಾವ ರಾಜ್ಯದಲ್ಲಿ ಎಷ್ಟು ದಿನ ಇತ್ತೆಂಬುದನ್ನು ಫಾಸ್ಟ್ಯಾಗ್ ವಿವರ, ಇಂಧನದ ರಸೀದಿ, ಸರ್ವಿಸ್ ಬಿಲ್ಲುಗಳು ಹೇಳುತ್ತವೆ. ಕಾಯಂ ಆಗಿ ನೆಲೆಸುವವರು ಸಾಲದ ಬ್ಯಾಂಕಿನ ಒಪ್ಪಿಗೆಯನ್ನು ಮೊದಲೇ ಪಡೆದು, 12 ತಿಂಗಳು ಮುಗಿಯುವುದರೊಳಗೆ ಆಕ್ಷೇಪಣಾ ರಹಿತ ಪ್ರಮಾಣಪತ್ರ ತರಿಸಿಕೊಳ್ಳಬೇಕು. ಹೊಸ ಸಂಖ್ಯೆ ಬಂದೊಡನೆ ವಿಮಾ ಪಾಲಿಸಿಯಲ್ಲಿ ಅದನ್ನು ನಮೂದಿಸಬೇಕು. ಮರುಪಾವತಿ ಅರ್ಜಿಯನ್ನು ಮರೆಯಬಾರದು.

ಆಗಬೇಕಾದುದು

ಬೇಡಿಕೆಗಳು ಮೂರು. ಮೊದಲನೆಯದು, ಹಳೆಯ ರಾಜ್ಯದಲ್ಲಿ ಉಳಿದ ಅವಧಿಯ ತೆರಿಗೆಯನ್ನು ಹೊಸ ರಾಜ್ಯದ ತೆರಿಗೆಗೆ ನೇರವಾಗಿ ಜಮೆ ಮಾಡಿ, ವ್ಯತ್ಯಾಸವನ್ನಷ್ಟೇ ಮಾಲೀಕರಿಂದ ಪಡೆಯುವುದು. ವಾಹನಗಳ ದಾಖಲೆಗಳು ಇಂದು ಕೇಂದ್ರದ ‘ವಾಹನ್’ ಗಣಕ ವ್ಯವಸ್ಥೆಯಲ್ಲಿರುವುದರಿಂದ ಇದು ಕಷ್ಟಸಾಧ್ಯವಲ್ಲ. ಎರಡನೆಯದು, ಎರಡು ರಾಜ್ಯಗಳಲ್ಲಿ ಜಿಎಸ್‌ಟಿ ನೋಂದಣಿ ಇರುವ ಮಾಲೀಕರು ಮತ್ತು ಪಾಲುದಾರರಿಗೂ ಭಾರತ್ ಸರಣಿಯನ್ನು ವಿಸ್ತರಿಸುವುದು. ಜಿಎಸ್‌ಟಿ ದಾಖಲೆಗಿಂತ ಉತ್ತಮವಾದ ಸಾಕ್ಷ್ಯ ಬೇರೆ ಬೇಕಿಲ್ಲ. ಮೂರನೆಯದು, ಇವೆರಡೂ ಆಗುವವರೆಗೆ ಮರುಪಾವತಿಗೆ ಕಾಲಮಿತಿ ಗೊತ್ತುಪಡಿಸುವುದು. ಪ್ರಮಾಣಪತ್ರಕ್ಕೆ 30 ದಿನದ ಗಡುವು ಇರುವಾಗ ಜನರ ಹಣ ಹಿಂದಿರುಗಿಸಲು ಗಡುವೇಕೆ ಬೇಡ?

ಈ ದಿಸೆಯಲ್ಲಿ ಬಳ್ಳಾರಿಯ ವರ್ತಕರು ಒಬ್ಬೊಬ್ಬರಾಗಿ ಕಚೇರಿಗಳ ಮೆಟ್ಟಿಲು ಹತ್ತುವುದರಿಂದ ಫಲವಿಲ್ಲ. ಗಡಿಯ ಎರಡೂ ಬದಿಯ ವಾಣಿಜ್ಯ ಸಂಸ್ಥೆಗಳು ಸೇರಿ ಒಂದೇ ಮನವಿಯನ್ನು ಎರಡು ರಾಜ್ಯ ಸರಕಾರಗಳಿಗೂ ಕೇಂದ್ರದ ಸಾರಿಗೆ ಸಚಿವಾಲಯಕ್ಕೂ ಸಲ್ಲಿಸಬೇಕು. ಮರುಪಾವತಿ ಬಾಕಿ ಇರುವ ಸದಸ್ಯರ ಪ್ರಕರಣಗಳನ್ನು ದಿನಾಂಕ, ಮೊತ್ತ ಸಹಿತ ಪಟ್ಟಿ ಮಾಡಿ ಮನವಿಗೆ ಲಗತ್ತಿಸಿದರೆ ಅದರ ತೂಕ ಹೆಚ್ಚುತ್ತದೆ. 1953ರಲ್ಲಿ ಎಳೆದ ಗೆರೆ ಆಡಳಿತದ ಅನುಕೂಲಕ್ಕೆ ಎಳೆದದ್ದು. ಅದನ್ನು ದಾಟಿ ಬಂದು ಇಲ್ಲಿ ಬಂಡವಾಳ ಹೂಡುವವರಿಂದ ತೆರಿಗೆಯನ್ನು ಎರಡು ಸಲ ಪಡೆಯುವುದರಿಂದ ಯಾವ ರಾಜ್ಯವೂ ಶ್ರೀಮಂತವಾಗದು. ಬರಬೇಕಾದ ಉದ್ಯಮ ಮಾತ್ರ ಅಲ್ಲಿಯೇ ಉಳಿದೀತು.